ತುಂಗಕ್ಕನ ಹಲಗೆ

ತುಂಗಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಅಂಗೈ ನೋಡುತ್ತಿದ್ದಳು. ಎದುರು ಬಂದವರು ಬಾಯಿ ತೆರೆಯುವುದರೊಳಗೆ ಅವರ ಕೈ ಹಿಡಿದು, ಹೊರಳಿಸಿ, ಕಿಟಕಿಯ ಬೆಳಕಿಗೆ ಒಡ್ಡಿ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಆಮೇಲೆ ಕತ್ತೆತ್ತಿ "ಏನಾಗೇದ?" ಎಂದು ಕೇಳುವಳು. ಶಿಗ್ಗಾಂವಿಯಲ್ಲಿ ನಮ್ಮ ಓಣಿಯ ತುದಿಗೆ ಅವಳ ದವಾಖಾನೆ. ಅಲ್ಲಿಗೆ ಬರುವವರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಹೊರಗೆ ಸರದಿ ಕಾಯುವಾಗಲೇ ಕೆಲವರು ಅಂಗೈ ಮೇಲೆ ಮಾಡಿಕೊಂಡು ಕೂತಿರುತ್ತಿದ್ದರು.

ಇದರಿಂದ ಸುತ್ತಲಿನ ಹಳ್ಳಿಗಳಲ್ಲಿ ಒಂದು ಸುದ್ದಿ ಹುಟ್ಟಿತು: ಡಾಕ್ಟರ್‌ಬಾಯಿ ಕೈ ನೋಡಿ ಭವಿಷ್ಯ ಹೇಳುತ್ತಾಳೆ. ಹಿರೇಬೆಂಡಿಗೇರಿಯಿಂದ ಒಬ್ಬ ಮುದುಕಿ ನಡೆದುಕೊಂಡು ಬಂದು ಎರಡೂ ಕೈ ಚಾಚಿ ನಿಂತಿದ್ದಳು.

"ಅಕ್ಕಾರ, ಸೊಸಿ ಸಿಟ್ಟಾಗಿ ತೌರಿಗಿ ಹೋಗ್ಯಾಳ. ಯಾವಾಗ ಹೊಳ್ಳಿ ಬರತಾಳ ಸ್ವಲ್ಪ ನೋಡ್ರಿ."

"ಸೊಸಿ ನಂಗ ಕಾಣವಲ್ಲಳವಾ. ಬೆರಳಸಂದ್ಯಾಗ ತುರಿ ಕಾಣಲಿಕ್ಕತ್ತದ."

"ತುರಿ ಎಲ್ಲಿಗೂ ಹೋಗಂಗಿಲ್ಲ, ಇರಲಿ ಬಿಡ್ರಿ. ಸೊಸೀದು ಹೇಳ್ರಿ."

ತುಂಗಕ್ಕ ಗಂಧಕದ ಮುಲಾಮು ಕೊಟ್ಟು, ಸೊಸೆಯೂ ಬೇಗ ಬರುತ್ತಾಳೆಂದು ಹೇಳಿ ಕಳಿಸಿದಳಂತೆ. "ಸುಳ್ಳು ಯಾಕ ಹೇಳಿದಿ?" ಎಂದು ನಾನು ಕೇಳಿದ್ದಕ್ಕೆ, "ಅದನ್ನ ಹೇಳದಿದ್ದರ ಆಕಿ ಮುಲಾಮ ಹಚ್ಚತಿದ್ದಿಲ್ಲೋ" ಎಂದಳು.

ಮುದುಕಿಯ ಮಾತನ್ನು ನಾನು ಕಿವಿಯಾರೆ ಕೇಳಿದ್ದೋ, ಓಣಿಯವರು ಹೇಳಿ ಹೇಳಿ ನನ್ನದೇ ನೆನಪಾಗಿಬಿಟ್ಟಿತೋ, ಈಗ ಖಾತ್ರಿಯಿಲ್ಲ. ಪುಣೆಯಲ್ಲಿ ತರ್ಕಶಾಸ್ತ್ರ ಓದಿ ಬಂದವನು ನಾನು. ಕಲಿತದ್ದರಲ್ಲಿ ಕೊನೆಯವರೆಗೆ ಜೊತೆಗೆ ಉಳಿದದ್ದು ಸಂಶಯವೊಂದೇ. ಸವಣೂರಿನಲ್ಲಿ ಸ್ವಲ್ಪ ದಿನ ಮಾಸ್ತರಿಕೆ ಮಾಡಿ ಬಿಟ್ಟೆ. ಹಾನಗಲ್ಲಿನಲ್ಲಿಯೂ ಹಾಗೆಯೇ. ಒಂದು ಊರಿನಲ್ಲಿ ಕೂತರೆ ಇನ್ನೊಂದು ಊರಿನ ಬಸ್ಸಿನ ಸದ್ದು ಕೇಳುತ್ತಿತ್ತು. ಊರಿಗೆ ಬಂದಾಗಲೆಲ್ಲ ಸಂಜೆ ತುಂಗಕ್ಕನ ದವಾಖಾನೆಯ ಕಟ್ಟೆಯ ಮೇಲೆ ಕೂತು ದೇವರಿಲ್ಲ, ಧರ್ಮವಿಲ್ಲ, ಮನುಷ್ಯನ ಅರಿವಿಗೆ ಆಧಾರವಿಲ್ಲ ಎಂದೆಲ್ಲ ವಾದಿಸುತ್ತಿದ್ದೆ. ಅವಳು ಗೋಡೆಗೆ ಒರಗಿ, ಕಾಲು ನೀಡಿ, ಕಣ್ಣು ಮುಚ್ಚಿಕೊಂಡು ಕೇಳುವಳು. ಕೇಳುತ್ತಿದ್ದಳೋ, ನಿದ್ದೆ ಮಾಡುತ್ತಿದ್ದಳೋ. ಕೊನೆಗೆ ಒಂದೇ ಮಾತು:

"ರಾಘೂ, ನೀ ಕಂಡದ್ದು ಹೇಳು. ಅನಿಸಿದ್ದು ಆಮ್ಯಾಲೆ."

ಈ ಮಾತನ್ನು ಅವಳು ರೋಗಿಗಳಿಗೂ ಹೇಳುತ್ತಿದ್ದಳು. ಇಂದು ಅವಳ ಬಗ್ಗೆ ಬರೆಯಲು ಕೂತಾಗ ನನ್ನನ್ನು ಕಾಡುತ್ತಿರುವುದೂ ಇದೇ. ಕಂಡದ್ದಕ್ಕೂ ಅನಿಸಿದ್ದಕ್ಕೂ ನಡುವಿನ ಗೆರೆ ಇಷ್ಟು ವರ್ಷಗಳಲ್ಲಿ ಅಳಿಸಿಹೋಗಿದೆ. ಊರ ಹೆಸರುಗಳನ್ನು ಹಾಗೆಯೇ ಇಟ್ಟು ಜನರ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಆದಷ್ಟು ಕಂಡಂತೆ ಹೇಳುತ್ತೇನೆ.

ಅವಳು ನಮಗೆ ದೂರದ ಸಂಬಂಧ. ಮದುವೆಯಾಗಿ ಗಂಡನ ಮನೆ ಸರಿಯಾಗಿ ನೋಡುವ ಮೊದಲೇ ಗಂಡ ಹೋದ. ತಲೆ ಬೋಳಿಸಬೇಕೆಂದು ಹಿರಿಯರು ಕೂತಾಗ ಅವಳ ಸೋದರಮಾವ ಅವಳನ್ನು ಎಬ್ಬಿಸಿಕೊಂಡು ಪುಣೆಗೆ ಹೋದನಂತೆ. ಅಲ್ಲಿ ಶಾಲೆ, ಆಮೇಲೆ ವೈದ್ಯಕೀಯ. ಡಾಕ್ಟರಳಾಗಿ ತಿರುಗಿ ಬಂದಾಗ ಅವಳ ಕೂದಲು ಇತ್ತು, ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆಯ ಬದಲು ಗಡಿಯಾರವಿತ್ತು. ಓಣಿಯವರಿಗೆ ಅವಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಜ್ವರ ಬಂದಾಗ, ಹೆರಿಗೆ ಕಷ್ಟವಾದಾಗ ಕರೆಯುವರು. ಶುಭಕಾರ್ಯವಿದ್ದ ದಿನ ಅವಳ ಬಾಗಿಲ ಮುಂದೆ ಹಾಯುವ ಬದಲು ಹಿಂದಿನ ಸಂದಿಯಿಂದ ಸುತ್ತಿ ಹೋಗುವರು. ಅವಳೂ ಅಂಥ ದಿನ ಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತಿದ್ದಳು. "ಅವರಿಗೂ ತ್ರಾಸ ಬ್ಯಾಡ, ನಂಗೂ ಒಂದು ದಿನ ಸೂಟಿ" ಎನ್ನುವಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಅವಳಿಗೆ ನಿಜವಾಗಿ ದಣಿವು ತಂದದ್ದು ಬೇರೆಯೇ ರೋಗ, ಗಂಡು ಹೆಣ್ಣಿನ ಸಂಗದಿಂದ ಹತ್ತುವ ಗುಪ್ತರೋಗ. ಆ ಕಾಲದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗರ್ಮಿ ಅನ್ನುವರು, ಪರಮೆ ಅನ್ನುವರು, ಅದೂ ಮೂರನೆಯವರ ಬಗ್ಗೆ ಮಾತಾಡುವಾಗ. ತಮಗೆ ಬಂದರೆ ಅದು ಉಷ್ಣ. ಪುಣೆ, ಮುಂಬಯಿಗೆ ದುಡಿಯಲು ಹೋಗಿ ಬಂದವರು, ಯುದ್ಧ ಶುರುವಾದ ಮೇಲೆ ಪಲ್ಟಣಿನಿಂದ ರಜೆಗೆ ಬಂದವರು, ಊರು ಬಿಟ್ಟು ಎಲ್ಲಿಗೂ ಹೋಗದವರು, ಎಲ್ಲರಿಗೂ ಉಷ್ಣ. ಹುಬ್ಬಳ್ಳಿಯ ದೊಡ್ಡ ದವಾಖಾನೆ ದೂರ. ಹತ್ತಿರವಿದ್ದವಳು ಹೆಂಗಸು. ಬರುವರು, ತಲೆನೋವು ಎನ್ನುವರು, ತಲೆನೋವಿನ ಪುಡಿ ತೆಗೆದುಕೊಂಡು ಹೋಗುವರು. ಸ್ವಲ್ಪ ದಿನದ ಮೇಲೆ ಅವರ ಹೆಂಡತಿ ಬರುವಳು.

ಅದಕ್ಕೆ ತುಂಗಕ್ಕ ಹಲಗೆ ಮಾಡಿಸಿದಳು.

ಸವಣೂರಿನಲ್ಲಿ ಇಮಾಮ್‌ಸಾಬ ಎಂಬ ಚಿತ್ರಗಾರನಿದ್ದ. ಟಾಂಗಾಗಳಿಗೆ ಬಣ್ಣ ಹೊಡೆಯುವುದು, ನಾಟಕದ ಪರದೆ ಬರೆಯುವುದು ಅವನ ಕೆಲಸ. ಅವಳ ವೈದ್ಯಕೀಯ ಪುಸ್ತಕದ ಚಿತ್ರಗಳನ್ನು ನೋಡಿ ಒಂದು ದೊಡ್ಡ ಹಲಗೆಯ ಮೇಲೆ ಚೌಕ ಚೌಕವಾಗಿ ಬರೆಯಬೇಕೆಂದು ಹೇಳಿಕಳಿಸಿದ್ದಳು. ಅವನು ಅದನ್ನು ಎತ್ತಿನ ಗಾಡಿಯಲ್ಲಿ ಚಾದರ ಮುಚ್ಚಿ ತಂದ ದಿನ ನಾನು ಕಟ್ಟೆಯ ಮೇಲಿದ್ದೆ. ಚಾದರ ಸರಿಸಿದರೆ, ಪ್ರತಿ ಚೌಕದ ಸುತ್ತಲೂ ಹಸಿರು ಬಳ್ಳಿ, ಬಳ್ಳಿಯಲ್ಲಿ ಗುಲಾಬಿ ಮೊಗ್ಗು.

"ಇದೇನಿದು ಇಮಾಮ್‌ಸಾಬ? ನಾ ಹುಣ್ಣ ಬರಿ ಅಂದ್ರ ನೀ ಬಳ್ಳಿ ಬಿಟ್ಟೀದಿ."

"ಖಾಲಿ ಹುಣ್ಣ ಬರದ್ರ ಶೋಭಾ ಬರಂಗಿಲ್ರಿ ಡಾಕ್ಟರ್‌ಬಾಯಿ. ನೋಡಾಂವಗ ದಿಲ್ ಖುಷ್ ಆಗಬೇಕಲ್ರಿ."

"ನೋಡಾಂವಗ ಹೆದರಿಕಿ ಆಗಬೇಕೋ ಮಾರಾಯಾ."

"ಹೆದರಿದಾಂವ ಕಣ್ಣ ಮುಚ್ಚತಾನ್ರಿ. ಆಮ್ಯಾಲ ಏನ ನೋಡ್ತಾನ?"

ತುಂಗಕ್ಕ ಒಂದು ಮೊಗ್ಗಿನ ಮೇಲೆ ಬೆರಳಾಡಿಸಿ, "ಇರಲಿ ಬಿಡು ಬಳ್ಳಿ" ಎಂದಳು.

ಆ ಹಲಗೆಯ ಒಂದೊಂದು ಚೌಕವನ್ನೂ ನಾನು ಈಗಲೂ ಹೇಳಬಲ್ಲೆ. ಅವಳು ಪಾಠದಂತೆ ಹೇಳಿಸಿದ್ದಳು. ಮೊದಲನೆಯದರಲ್ಲಿ ಒಂಟಿ ಹುಣ್ಣು, ಅಂಚು ಗಟ್ಟಿ, ತಳ ಸ್ವಚ್ಛ. "ಇದು ನೋಯೂದಿಲ್ಲ. ನೋಯೂದಿಲ್ಲ ಅಂತನ ಜನ ಬಿಡತಾರ. ತಾನ ಮಾಯತದ. ಮಾಯತು ಅಂತ ದೇವರಿಗೆ ಕಾಯಿ ಒಡಸತಾರ. ಗರ್ಮಿ ಅವಾಗ ಒಳಗ ಇಳದಿರತದ." ಅದರ ಪಕ್ಕದ್ದರಲ್ಲಿ ಒಂದಕ್ಕೆ ನಾಲ್ಕಾಗಿ ಹರಿದ ಅಂಚಿನ ಹುಣ್ಣುಗಳು, ಮುಟ್ಟಿದರೆ ಜೀವ ಹೋಗುವಂಥ ನೋವು, ತೊಡೆಯ ಸಂದಿಯಲ್ಲಿ ಗಡ್ಡೆ. ಇದು ಬೇರೆ ರೋಗ. ಕೆಳಗೆ ಪರಮೆಯ ಹಳದಿ ಕೀವು, ಉಚ್ಚೆ ಹೊಯ್ಯುವಾಗ ಉರಿ. ಹುಂಜದ ಜುಟ್ಟಿನಂತೆ ಬೆಳೆದ ಗುಳ್ಳೆಗಳದು ಮತ್ತೊಂದು ಚೌಕ. ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ಕಣ್ಣು ಬಾತು ಕೀವು ಕಟ್ಟಿದ ಕೂಸಿನ ಮುಖ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಎರಡು ಅಂಗೈ, ಎರಡು ಅಂಗಾಲು. ಅವುಗಳ ಮೇಲೆ ತಾಮ್ರದ ಬಣ್ಣದ ಚುಕ್ಕೆಗಳು. "ಹುಣ್ಣ ಮಾಯ್ದು ಸ್ವಲ್ಪ ದಿನಕ್ಕ ಇವು ಬರತಾವ. ತುರಸೂದಿಲ್ಲ. ಅಂಗೈ ಅಂಗಾಲಿಗೆ ಬರೋ ಚುಕ್ಕಿ ಭಾಳ ಇಲ್ಲ ರಾಘೂ, ಅದಕ್ಕ ನಾ ಕೈ ನೋಡತೇನಿ. ಕೈ ತೋರಸಲಿಕ್ಕೆ ಯಾರಿಗೂ ನಾಚಿಕಿ ಇಲ್ಲ." ಬಾಯೊಳಗೆ ಬಿಳಿ ಕಲೆ, ಹುಳ ಮೇಯ್ದಂತೆ ಅಲ್ಲಲ್ಲಿ ಉದುರಿದ ಕೂದಲು, ಇವೂ ಅದರ ಜೊತೆಗೆ. ಇವೂ ತಾವೇ ಹೋಗುತ್ತವೆ. ರೋಗ ಹೋಗುವುದಿಲ್ಲ.

ಕೊನೆಯ ಚೌಕದಲ್ಲಿ ಬಳ್ಳಿ ಮಾತ್ರ ಇತ್ತು. ಒಳಗೆ ಬಿಳಿ.

"ಇದರಾಗ ಏನ ಬರೀಲಿ ಹೇಳಲೇ ಇಲ್ಲಲ್ರಿ" ಎಂದು ಇಮಾಮ್‌ಸಾಬ ಕುಂಚ ತೆಗೆದ.

"ಅದು ಹೆಂಗಸರದು. ಖಾಲಿ ಇರಲಿ."

"ಖಾಲಿ?"

"ಭಾಳ ಮಂದಿ ಹೆಂಗಸರಿಗೆ ಹೊರಗ ಏನೂ ಕಾಣೂದಿಲ್ಲ. ಏನೂ ಕಾಣೂದಿಲ್ಲ ಅಂತ ಬರೀಲಿಕ್ಕೆ ಬರತದೇನು?"

ಇಮಾಮ್‌ಸಾಬ ಕುಂಚ ಒಳಗಿಟ್ಟ. ಹಲಗೆ ಒಳಕೋಣೆಯ ಗೋಡೆಗೆ ಏರಿತು. ಅದರ ಮುಂದೆ ಒಂದು ಪರದೆ. ಪರದೆಯ ಈಚೆ ತುಂಗಕ್ಕ ಬೆನ್ನು ತಿರುಗಿಸಿ ಕೂರುವಳು. ಆಚೆ ನಿಂತ ಗಂಡಸು ತನ್ನ ಚೌಕದ ಮೇಲೆ ಬೆರಳಿಟ್ಟು ಕೆಮ್ಮಬೇಕು. ಕೆಮ್ಮಿದ ಮೇಲೆ ಅವಳು ಎದ್ದುಹೋಗಿ ಬೆರಳು ಎಲ್ಲಿದೆ ನೋಡುವಳು. ಒಮ್ಮೆ ಬೆರಳು ಇಟ್ಟವನು ಆಮೇಲೆ ತೋರಿಸಲೂ ಒಪ್ಪುತ್ತಿದ್ದ. ರೋಗದ ಹೆಸರು ಹೇಳುವುದಷ್ಟೇ ಅವರಿಗೆ ಕಷ್ಟವಾಗಿತ್ತು. ಬಂಕಾಪುರದ ಒಬ್ಬ ಬಳ್ಳಿಯ ಮೇಲೆಯೇ ಬೆರಳಿಟ್ಟು, "ನಂಗ ಇದ ಐತ್ರಿ, ಬೆನ್ನ ತುಂಬ ಹಬ್ಬೇತಿ" ಎಂದನಂತೆ. ಅದು ಗಜಕರ್ಣ.

ಪರದೆಯ ಆಚೆಯಿಂದ ಬರುವ ಮಾತುಗಳಲ್ಲಿ ಅವಳಿಗೆ ಸಹಿಸಲಾಗದ್ದು ಒಂದೇ. "ಆ ಹೆಂಗಸಿಂದ ಬಂತ್ರಿ" ಎಂದು ಯಾರಾದರೂ ಅಂದರೆ, "ಆಕಿಗೆ ಕೊಟ್ಟಾಂವ ಯಾರು? ಅಂವನೂ ಕರಕೊಂಡ ಬಾ, ಸೂಜಿ ಅದಾವ" ಎನ್ನುವಳು. ಸೂಜಿಯೆಂದರೆ ವಾರವಾರ, ತಿಂಗಳುಗಟ್ಟಲೆ. ಅರ್ಧಕ್ಕೆ ಬಿಟ್ಟು ಹೋಗುವವರೇ ಹೆಚ್ಚು. ಬಿಟ್ಟವರನ್ನು ಹುಡುಕಿಕೊಂಡು ಅವಳು ದುಂಡಸಿ, ಬಂಕಾಪುರದ ಸಂತೆಗಳಲ್ಲಿ ತಿರುಗುವಳು. ಅವರು ಅವಳನ್ನು ಕಂಡು ಕಾಳಿನ ಚೀಲಗಳ ಹಿಂದೆ ಅಡಗುವರು.

ದುಂಡಸಿಗೆ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಗಾಡಿಯಲ್ಲಿ ಒಬ್ಬಳೇ ಹೋಗುವುದು ಬೇಡವೆಂದು ನಮ್ಮವ್ವ ನನ್ನನ್ನು ಏರಿಸಿದ್ದಳು. ಬಾಣಂತಿಯ ಕೋಣೆಯ ಹೊರಗೆ ಕೂತ ನನಗೆ ಒಳಗಿನ ಮಾತು ಕೇಳುತ್ತಿತ್ತು. ಕೂಸಿನ ಕಣ್ಣು ತೆರೆಯುತ್ತಿಲ್ಲ, ಯಾರದೋ ದೃಷ್ಟಿ ತಾಗಿ ನೆದರಾಗಿದೆಯೆಂದು ಎಣ್ಣೆ ಬಿಟ್ಟಿದ್ದಾರೆ. ತುಂಗಕ್ಕ ಕೀವು ತೊಳೆದು ಔಷಧ ಬಿಟ್ಟಳು. ಒಂದು ಕಣ್ಣು ಉಳಿಯಿತು. ಇನ್ನೊಂದಕ್ಕೆ ತಡವಾಗಿತ್ತು. ಬಾಣಂತಿಯನ್ನು ಕೇಳಿದಳು, "ನಿಂಗೇನರ ತ್ರಾಸ ಇತ್ತೇನವಾ?" ಆ ಹುಡುಗಿ, "ಏನೂ ಇಲ್ರಿ, ನಾ ಆರಾಮ ಅದೇನ್ರಿ" ಎಂದಳು. ತಿರುಗಿ ಬರುವಾಗ ಗಾಡಿಯಲ್ಲಿ ತುಂಗಕ್ಕ ಒಂದೇ ಮಾತಾಡಿದ್ದು: "ನೋಡಿದೇನು? ಖಾಲಿ ಚೌಕ."

ಇನ್ನು ಅಂಬುಜಾಳ ಲಗ್ನದ ಮಾತು. ಅವಳು ನಮ್ಮ ಗೋವಿಂದಕಾಕಾನ ಮಗಳು, ನಮ್ಮದು ಅವರದು ಒಂದೇ ಗೋಡೆ. ವರ ಹಾನಗಲ್ಲಿನ ವಕೀಲರ ಮಗ, ಪುಣೆಯಲ್ಲಿ ಪಲ್ಟಣಿನ ಕಚೇರಿಯಲ್ಲಿ ನೌಕರಿ. ವಕೀಲರು ಕೋರ್ಟಿನಲ್ಲಿ ಹುಲಿಯಂತೆ, ರಸ್ತೆಯ ಮೇಲೆ ಶಕುನಕ್ಕೆ ನಡುಗುವವರು. ಲಗ್ನಕ್ಕೆ ಹೊರಟ ದಿನವೂ ಖಾಲಿ ಕೊಡ ಎದುರಾಯಿತೆಂದು ಗಾಡಿಗಳನ್ನು ತಿರುಗಿಸಿ, ಮನೆಗೆ ಹೋಗಿ ನೀರು ಕುಡಿದು, ಮತ್ತೆ ಹೊರಟಿದ್ದರು. ಹೀಗಾಗಿ ಬೀಗರು ಶಿಗ್ಗಾಂವಿಗೆ ಮುಟ್ಟಿದ್ದು ಲಗ್ನದ ಹಿಂದಿನ ದಿನ ಮಧ್ಯಾಹ್ನ. ಅವರ ಬಿಡಾರ ನಮ್ಮ ಮನೆಯಲ್ಲಿ. ವರನಿಗೆ ಕಾಲು ತೊಳೆಯಲು ಹಿತ್ತಲಲ್ಲಿ ನೀರು ಹಾಕಿದವನು ನಾನು.

ಅವನು ಅಂಗಾಲು ಎತ್ತಿ ಕಲ್ಲಿಗೆ ತಿಕ್ಕಿದ. ಅದರ ಮೇಲೆ ದುಂಡಗಿನ ತಾಮ್ರದ ಬಣ್ಣದ ಚುಕ್ಕೆಗಳು. ತಂಬಿಗೆಗೆ ಚಾಚಿದ ಕೈಯಲ್ಲೂ ಅವೇ. ನಾನು ನೋಡಿದ್ದನ್ನು ಅವನು ನೋಡಿದ. "ಪುಣೇದ ನೀರು ಒಗ್ಗಿಲ್ಲ, ಉಷ್ಣ ಆಗೇದ" ಎಂದು ಟೊಪ್ಪಿಗೆ ಸರಿಮಾಡಿಕೊಂಡ. ಟೊಪ್ಪಿಗೆಯ ಕೆಳಗೆ ಕೂದಲು ಅಲ್ಲಲ್ಲಿ ಹಾರಿಹೋಗಿತ್ತು. ಒಳ್ಳೆಯ ಹುಡುಗ. ಮೃದು ಮಾತು. ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ.

ನಾನು ತುಂಗಕ್ಕನ ಬಾಗಿಲು ಬಡಿದೆ. ಶುಭಕಾರ್ಯವೆಂದು ಅವಳು ಒಳಗಿದ್ದಳು.

"ಕಂಡದ್ದು ಹೇಳು" ಎಂದಳು. ಹೇಳಿದೆ. "ಅನಿಸಿದ್ದು?" ಎಂದಳು. ಹಲಗೆಯತ್ತ ನೋಡಿದೆ. ಅವಳೂ ಅತ್ತ ನೋಡಿದಳು. ಆಮೇಲೆ, "ನೋಡಿ ಗುರುತು ಹಿಡಿಯೂದು ಅರ್ಧ ಮಾತು. ರಕ್ತ ಪುಣೇಕ್ಕ ಕಳಿಸಿ ನೋಡಬೇಕು. ಅದಕ್ಕ ದಿನ ಬೇಕು. ದಿನ ಇಲ್ಲ" ಎಂದು ಎದ್ದಳು. ಗೋವಿಂದಕಾಕಾನನ್ನು ಹಿತ್ತಲ ಬಾಗಿಲಿಗೆ ಕರೆಸಿದಳು.

"ಗೋವಿಂದಾ, ಲಗ್ನ ಮುಂದ ಹಾಕು."

"ಏನ್ ಚಾಷ್ಟಿ ಇದು ತುಂಗಾ? ಹಂದರ ಹಾಕೇದ, ಅಡಿಗಿಯವರು ಒಲಿ ಹಚ್ಯಾರ, ಬೀಗರು ಇಳದಾರ."

"ವರನ ರಕ್ತ ತಪಾಸಣಿ ಆಗಬೇಕು." ಯಾಕೆಂಬುದನ್ನೂ ಅವಳು ಹೇಳಿದಳು, ಸುತ್ತಿ ಬಳಸದೆ.

ಕಾಕಾ ಗೋಡೆ ಹಿಡಿದುಕೊಂಡ. ಮೊದಲು ಅಂಥ ಮನೆತನಕ್ಕೆ ಅಂಥ ಮಾತೇ ಎಂದ. ಆಮೇಲೆ ದನಿ ಇಳಿಸಿದ. "ಖರೇನ ಇರಲಿ ಅಂತ ಹಿಡಿ. ಈ ಮಾತು ಹಂದರದಾಗ ಬಿದ್ದರ ಆ ಹುಡುಗಗ ಯಾರೂ ಏನೂ ಅನ್ನೂದಿಲ್ಲ. ಅಂಬೂಗ ಅಂತಾರ. ಗರ್ಮಿ ಹುಡುಗನ ಜೋಡಿ ಲಗ್ನ ಮುರದಾಕಿ ಅಂತ ಆಕಿ ಹೆಸರಿಗೆ ಅದು ಅಂಟತದ. ಮುಂದ ಆಕೀನ್ನ ಯಾರು ಮಾಡಕೋತಾರ, ನೀನ ಹೇಳು."

ಅವನು ಹೇಳಿದ್ದು ನಿಜವಾಗಿತ್ತು. ಕಾಕಾ ಕಣ್ಣೊರೆಸಿಕೊಂಡು ಹಂದರಕ್ಕೆ ಹೋದ.

ಸಂಜೆ ಬಿಸಿಲು ಇಳಿಯುವಾಗ ಊರ ಹೊರಗಿನ ಹನುಮಪ್ಪನ ಗುಡಿಯಲ್ಲಿ ಸೀಮಾಂತ ಪೂಜೆ. ಆಗಲೇ ಊರೊಳಗೆ ಇಳಿದಿದ್ದ ವರನನ್ನು ರೂಢಿಗಾಗಿ ಮತ್ತೆ ಊರ ಸೀಮೆಗೆ ಕರೆದೊಯ್ದು ಎದುರುಗೊಂಡು, ಕನ್ಯೆಯ ತಂದೆತಾಯಿ ಅವನ ಪಾದ ತೊಳೆಯುವ ಶಾಸ್ತ್ರ. ವರ ಮಣೆಯ ಮೇಲೆ ಕೂತಿದ್ದ. ಕಾಕಾ ತಾಟಿನಲ್ಲಿ ಅವನ ಕಾಲು ಹಿಡಿದಿದ್ದ, ಅವನ ಹೆಂಡತಿ, ನಮ್ಮ ಕಾಕು, ನೀರು ಬಿಡುತ್ತಿದ್ದಳು. ಕಾಕಾನ ಕೈ ಅಂಗಾಲ ಕೆಳಗೆ ನಿಂತುಬಿಟ್ಟಿದ್ದು ನನಗೆ ನೆನಪಿದೆ. ನೆನಪೋ, ಆಮೇಲೆ ನಾನು ಸೇರಿಸಿಕೊಂಡದ್ದೋ.

ಅಷ್ಟರಲ್ಲಿ ಜನ ಸರಿದರು. ಬರಿ ಹಣೆ, ಬಿಳಿ ಸೀರೆ. ತುಂಗಕ್ಕ ನೆಟ್ಟಗೆ ನಡೆದು ಬಂದು ವರನ ಎದುರು ನಿಂತಳು. ವಾದ್ಯ ತಾನಾಗಿಯೇ ನಿಂತಿತು. ಅವಳು ಯಾರನ್ನೂ ನೋಡಲಿಲ್ಲ. ಬಗ್ಗಿ ಅವನ ಅಂಗಾಲು ನೋಡಿದಳು, ಮೊಣಕಾಲ ಮೇಲೆ ಬಿಡಿಸಿಟ್ಟಿದ್ದ ಅಂಗೈ ನೋಡಿದಳು. ನೋಡಿ ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ವಕೀಲರ ಕಡೆ ಹೊರಳಿ ಕೈ ಮುಗಿದಳು.

"ನಮಸ್ಕಾರ್ರಿ. ನಾ ತುಂಗಾ. ಗಂಡ ಹೋಗಿ ಭಾಳ ವರ್ಷ ಆತು. ಶುಭಕಾರ್ಯ ನೋಡೂಣಂತ ಬಂದೆ."

ವಕೀಲರ ಮುಖ ಬೂದಿಯಾಯಿತು. "ಏಳೋ! ಏಳು ಮ್ಯಾಲೆ! ಕಾಲು ತೊಳಿಯೋ ಹೊತ್ತಿನಾಗ... ಗಾಡಿ ಹೂಡ್ರಿ!"

ನಮ್ಮ ಹಿರಿಯರು ಅವರ ಕಾಲಿಗೆ ಬಿದ್ದರು. ಶಾಂತಿ ಮಾಡಿಸೋಣ, ಮತ್ತೊಂದು ಮುಹೂರ್ತ ಹಿಡಿಯೋಣ ಎಂದರು. ವಕೀಲರು ಕೇಳಲಿಲ್ಲ. ಕಾಕಾ ಎದ್ದು ಎಲ್ಲರಿಗಿಂತ ಜೋರಾಗಿ ತುಂಗಕ್ಕನನ್ನು ಬೈದ. ಹಾಳಾಗಿ ಹೋಗೆಂದ. ಬೈಯುವಾಗ ಬೀಗರನ್ನು ತಡೆಯಲು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಕಾಕು ತಾಟಿನ ನೀರನ್ನು ತುಂಗಕ್ಕನ ಮೇಲೆ ಚೆಲ್ಲಿದಳು. ತುಂಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಹತ್ತಿರ ಹಾಯುವಾಗ ಮೆಲ್ಲಗೆ ಹೇಳಿದಳು:

"ಆ ಹುಡುಗಗ ಗಾಡಿ ಹತ್ತೂದರಾಗ ಹೇಳು. ಈ ಚುಕ್ಕಿ ತಾವ ಹೋಗತಾವ. ಹೋದವು ಅಂತ ನಂಬಬ್ಯಾಡ. ಸೂಜಿ ಹಾಕಿಸಿಕೊ, ಪೂರಾ ಮುಗಿಯೂತನಕ ಲಗ್ನ ಬ್ಯಾಡ ಅನ್ನು. ಹೆದರಸಬ್ಯಾಡ."

ಹೇಳಿದೆ. ಅವನು ಕೇಳಿ ತಲೆಯಾಡಿಸಿದ. ಗಾಡಿಗಳು ಹಾನಗಲ್ಲಿನ ದಾರಿ ಹಿಡಿದವು.

ಆಮೇಲೆ ಓಣಿಯಲ್ಲಿ ತುಂಗಕ್ಕನಿಗೆ ನೀರಿನ ಕೊಡ ಎತ್ತಿಕೊಡುವವರೂ ಇಲ್ಲವಾದರು. ಹೆರಿಗೆಗೆ ಹುಬ್ಬಳ್ಳಿಗೆ ಹೋದರು, ಅವಳನ್ನು ಕರೆಯಲಿಲ್ಲ. ಅವಳು ಹಳ್ಳಿಗಳಿಗೆ ಹೆಚ್ಚು ಹೋಗತೊಡಗಿದಳು. ಪ್ರತಿ ಸುಗ್ಗಿಗೆ ಅವಳ ಹಿತ್ತಲಲ್ಲಿ ಹೊಸ ಅಕ್ಕಿಯ ಒಂದು ಚೀಲ ಇರುತ್ತಿತ್ತು. ಇಟ್ಟವರು ಯಾರೆಂದು ಅವಳು ಕೇಳಲಿಲ್ಲ. ಗೋವಿಂದಕಾಕಾನ ಗಾಡಿಯ ಎತ್ತಿನ ಗಂಟೆ ನಮ್ಮ ಮನೆಯವರಿಗೆಲ್ಲ ಗುರುತಿತ್ತು.

ಮುಂದಿನ ಮಳೆಗಾಲ ಕಳೆದ ಮೇಲೆ, ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯ ಮೇಲೆ ಓಡುತ್ತಿದ್ದ ಬಸ್ಸಿನಿಂದ ವಕೀಲರ ಆ ಹುಡುಗ ಇಳಿದದ್ದನ್ನು ನಾನು ಕಂಡೆ. ಇದು ಕಂಡದ್ದೇ. ಅಂದು ಕಟ್ಟೆಯ ಮೇಲೆ ನಾನೇ ಇದ್ದೆ. ಅವನು ನನ್ನ ಗುರುತು ಹಿಡಿಯದವನಂತೆ ಒಳಗೆ ಹೋದ. ಪರದೆಯ ಆಚೆಯಿಂದ ಕೆಮ್ಮು ಕೇಳಿತು. ತುಂಗಕ್ಕ ಎದ್ದು ಹೋದಳು. ಪುಣೆಯ ನೌಕರಿ ಬಿಟ್ಟು ಹಾನಗಲ್ಲಿನಲ್ಲೇ ಇದ್ದನಂತೆ, ಅಂದಿನಿಂದ ವಾರಕ್ಕೊಮ್ಮೆ ಬಂದ, ಸೂಜಿ ಮುಗಿಯುವವರೆಗೂ ಬಂದ. ಅವಳು ಹುಡುಕಿಕೊಂಡು ಹೋಗಬೇಕಾಗದ ಕೆಲವರಲ್ಲಿ ಅವನೊಬ್ಬ. ಅವನ ಬಗ್ಗೆ ನಾನು ಕೇಳಿದರೆ, "ಯಾರ ಬಗ್ಗೆ ಕೇಳ್ತೀದಿ? ನಾ ಹೆಸರು ಕೇಳೂದಿಲ್ಲ" ಎಂದಳು.

ಅಂಬುಜಾಳಿಗೆ ಮುಂದೆ ಹಿರೇಕೆರೂರಿನ ಶಾಲಾ ಮಾಸ್ತರರೊಬ್ಬರ ಜೊತೆ ಲಗ್ನವಾಯಿತು. ಒಳ್ಳೆಯ ಮನೆ. ಆದರೂ ಮುರಿದ ಲಗ್ನದ ಕಹಿ ಅವಳಲ್ಲಿ ಉಳಿಯಿತು. ಆ ಮಣೆ, ಆ ವಾದ್ಯ, ಪುಣೆಯ ಸಂಸಾರ, ಎಲ್ಲವನ್ನೂ ತುಂಗಕ್ಕ ಕಸಿದಳೆಂದು ಅವಳ ಲೆಕ್ಕ. ಒಮ್ಮೆ ನಾನು ತಡೆಯಲಾರದೆ ತುಂಗಕ್ಕನನ್ನು ಕೇಳಿದೆ:

"ಅಂಬೂಗ ಖರೇ ಹೇಳಲೇನು?"

"ಏನಂತ ಹೇಳ್ತಿ? ಆ ಹುಡುಗನ ರೋಗ ಹೇಳ್ತೀಯೇನು? ಅದು ಅಂವಂದು, ನಿಂದೂ ಅಲ್ಲ ನಂದೂ ಅಲ್ಲ." ಕಾಲು ನೀಡಿ ಗೋಡೆಗೆ ಒರಗಿದಳು. "ಆಕಿಗೆ ನನ್ನ ಮ್ಯಾಲೆ ಸಿಟ್ಟದ. ಇರಲಿ. ಸಿಟ್ಟು ಮೈಗೆ ಹತ್ತೂದಿಲ್ಲ."

ಕೊನೆಯ ಸಲ ಅವಳನ್ನು ನಾನು ಕೆಲಸದಲ್ಲಿ ಕಂಡದ್ದು ಯುದ್ಧ ಮುಗಿದ ಮೇಲೆ. ಪೆನಿಸಿಲಿನ್ ಎಂಬುದರ ಸುದ್ದಿ ಬಂದಿತ್ತು. ತಿಂಗಳುಗಟ್ಟಲೆಯ ಸೂಜಿ ಇನ್ನು ಬೇಡವಂತೆ ಎಂದು ನಾನು ಪೇಪರು ಓದಿ ಹೇಳಿದರೆ, "ಬರಲಿ. ನಂಗ ಸಂತಿ ತಿರುಗೂದರ ತಪ್ಪತದ" ಎಂದಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಅಂಗೈಯನ್ನು ಈಗ ಮೂಗಿನ ಹತ್ತಿರ ಹಿಡಿದು ನೋಡುವಳು.

ಅಂಬುಜಾ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಗಿನಿಂದ ಬೇನೆ. ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಹುಬ್ಬಳ್ಳಿಯ ಬಸ್ಸು ಹೋಗಿಬಿಟ್ಟಿತ್ತು. ಗೋವಿಂದಕಾಕಾ ಯಾರ ಒಪ್ಪಿಗೆಯನ್ನೂ ಕೇಳದೆ ನನ್ನನ್ನು ಕಳಿಸಿದ. ತುಂಗಕ್ಕ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಕಾಕು ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಳು. ನಾವು ಪಡಸಾಲೆಯಲ್ಲಿ ಕೂತೆವು.

ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಬಾಗಿಲು ಅರೆ ತೆರೆದು, ತುಂಗಕ್ಕ ಕೂಸನ್ನು ಹೊಸ್ತಿಲ ಬೆಳಕಿಗೆ ಹಿಡಿದಳು. ಗಂಡು ಕೂಸು. ಕಣ್ಣಿನ ರೆಪ್ಪೆ ಬಿಡಿಸಿ ಔಷಧದ ಹನಿ ಬಿಟ್ಟಳು. ಮುಚ್ಚಿದ ಮುಷ್ಟಿ ಬಿಡಿಸಿ ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದಳು. ಅಂಗಾಲು ನೋಡಿದಳು. ಬಹಳ ಹೊತ್ತು ನೋಡಿದಳು.

"ಚಲೋ ಅದಾವ" ಎಂದಳು.

ಒಳಗಿನಿಂದ ಅಂಬುಜಾಳ ದನಿ, ಸೋತಿತ್ತು, ಆದರೆ ಬಿಡಲಿಲ್ಲ. "ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ. ಅವತ್ತು ಗುಡಿಗೆ ಯಾಕ ಬಂದ್ರಿ?"

ಪಡಸಾಲೆಯಲ್ಲಿ ಗೋವಿಂದಕಾಕಾ ತಲೆ ತಗ್ಗಿಸಿದ.

"ನೆನಪಿಲ್ಲ ಅವ್ವಾ" ಎಂದಳು ತುಂಗಕ್ಕ. "ದಾರಿ ತಪ್ಪಿರಬೇಕು."

"ಈ ಊರಾಗ ತಪ್ಪಲಿಕ್ಕೆ ಎಷ್ಟು ದಾರಿ ಅದಾವ?"

"ಅದೂ ಖರೆ" ಎಂದು ಕೂಸನ್ನು ಅವಳ ಮಗ್ಗುಲಲ್ಲಿ ಮಲಗಿಸಿ, ಕೈ ತೊಳೆದುಕೊಂಡು ಹಿತ್ತಲಿನಿಂದಲೇ ಹೋದಳು.

ತುಂಗಕ್ಕ ತೀರಿಹೋದಾಗ ನಾನು ಊರಲ್ಲಿರಲಿಲ್ಲ. ಯಾವುದೋ ಊರಿನಲ್ಲಿ ಯಾವುದೋ ನೌಕರಿಯಲ್ಲಿದ್ದೆ.

ದವಾಖಾನೆಯ ಸಾಮಾನು ಯಾರ್ಯಾರೋ ಒಯ್ದರು. ಹಲಗೆ ಮಾತ್ರ ಯಾರಿಗೂ ಬೇಡವಾಗಿತ್ತು. ನಾನು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟೆ. ಮೇಲಿನ ಚೌಕಗಳ ಬಣ್ಣವೆಲ್ಲ ಕಪ್ಪಿಟ್ಟು ಏನು ಏನೆಂದು ತಿಳಿಯದಂತಾಗಿತ್ತು. ಇಮಾಮ್‌ಸಾಬನ ಬಳ್ಳಿ ಮಾತ್ರ ಹೇಗೋ ಹಸಿರಾಗಿ ಉಳಿದಿತ್ತು. ಒಂದು ದಿನ ಅಂಬುಜಾ ಬಂದಳು, ಬೆಳೆದ ಮಗನ ಜೊತೆ. ಅವಳೂ ಈಗ ಇಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ. ಬಾಗಿಲಲ್ಲಿ ನಿಂತು ಹಲಗೆಯನ್ನೇ ನೋಡಿದಳು.

"ಎಷ್ಟು ಚಂದ ಬಳ್ಳಿ ಬರದಾನ. ಯಾರದಿದು?"

"ತುಂಗಕ್ಕಂದು."

ಅವಳ ಮುಖ ಬಿಗಿಯಿತು. ಆದರೂ ಹತ್ತಿರ ಬಂದು, ಕೊನೆಯ ಚೌಕದ ಮೇಲೆ ಬೆರಳಿಟ್ಟಳು. ಉಳಿದವು ಮಸಿ ಬಳಿದಂತಾಗಿದ್ದರೆ ಅದೊಂದು ಬೆಳ್ಳಗಿತ್ತು.

"ಇದರಾಗ ಏನಿತ್ತು, ರಾಘಣ್ಣಾ?"

ಹೇಳಬೇಕಾದದ್ದೆಲ್ಲ ಬಾಯಿಯವರೆಗೆ ಬಂತು. ಅನಿಸಿದ್ದೆಲ್ಲ. ಅದನ್ನು ನುಂಗಿ, ಕಂಡದ್ದನ್ನು ಹೇಳಿದೆ.

"ಏನೂ ಇದ್ದಿಲ್ಲ, ಅಂಬೂ."